ಒಂದನೇ ನಂಬರಿನ ಜಾಲಿಕಂಟಿ

ಎಪ್ಪತ್ತರ ದಶಕದಲ್ಲಿ, ಬಮ್ಮಿಗಟ್ಟಿಯ ಸರ್ಕಾರಿ ಜಾಗಗಳನ್ನು ಯಾವುದಕ್ಕೆ ಮೊದಲು ಬಳಸಬೇಕೆಂದು ಪಟ್ಟಿ ಮಾಡಲು ಬಂದಿದ್ದ ಸರ್ವೇ ಸಾಹೇಬರಿಗೆ ಒಂದು ಚಟವಿತ್ತು. ಯಾರು ಏನು ಹೇಳಿದರೂ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಮನ್ಯಾಗ ಒಂದ್ ಮಾತ ಕೇಳ್ಕೊಂಡ ಬರ್ರಿ" ಅನ್ನುತ್ತಿದ್ದರು.

ಪಂಚಾಯ್ತಿ ಚೇರ್ಮನ್ನರಾಗಿದ್ದ ನಮ್ಮಪ್ಪ, ಊರ ಹಿಂದಿನ ಜಾಲಿಕಂಟಿಯ ಪೊದೆ ಕಡಿದು ಮೊದಲು ಗೋದಾಮು ಕಟ್ಟಬೇಕೆಂದು ಪಟ್ಟಿಯ ಒಂದನೇ ನಂಬರಿಗೆ ಬರೆಸಿದರು. ಅವರಿಗೂ ಅದೇ ಮಾತು. ಸಿಡಿಮಿಡಿಗೊಂಡೇ ಮನೆಗೆ ಬಂದು ಕೇಳಿದರು. ಅವ್ವ ರೊಟ್ಟಿ ಬಡಿಯುತ್ತಲೇ, "ಅದನ್ನ ಕಡದ್ರ ನಸುಕಿನ್ಯಾಗ ನಾವು ಹೆಣ್ಮಕ್ಕಳು ತಂಬಿಗಿ ಹಿಡ್ಕೊಂಡು ಎಲ್ಲಿ ಹೋಗೂಣ್ರಿ?" ಅಂದಳು.

ಅಪ್ಪ ತಲೆ ತಗ್ಗಿಸಿ ಹಿಂದಿರುಗಿ, "ಅದು ಹಂಗ ಇರ್ಲಿ ಬಿಡ್ರಿ" ಎಂದಷ್ಟೇ ಹೇಳಿದರು. ಸಾಹೇಬರು ಯಾಕೆಂದು ಕೇಳಲಿಲ್ಲ. ಗೋದಾಮನ್ನು ಅಳಿಸಿ, ಒಂದನೇ ನಂಬರಿಗೆ "ಜಾಲಿಕಂಟಿ, ಮುಟ್ಟಬಾರದು" ಎಂದು ಬರೆದು, ಕಾರಣದ ಕಾಲಮನ್ನು ಖಾಲಿ ಬಿಟ್ಟರು.