ಕಾಲು ಮುಂದಾಗಿ ಹುಟ್ಟಿದವಳ ಟೊಂಕ

ವಾಡಿ ಜಂಕ್ಷನ್ನಿನ ಮೇಲ್ಸೇತುವೆ ಇಳಿದು ಸೇಡಂ ಕಡೆಯ ಗಾಡಿಗೆ ಓಡುತ್ತಿದ್ದೆ. ಹಿಂದಿನಿಂದ ಪೇರಲಹಣ್ಣು ಮಾರುವಾಕೆ ಕೂಗಿದಳು, "ಯವ್ವಾ, ಒಂದ್ ಚಪ್ಪಲ್ ಮ್ಯಾಲೇ ಬಿಟ್ ಬಂದಿ ನೋಡು." ತಿರುಗಿ ನೋಡಿದರೆ ಬಲಗಾಲಿನ ಚಪ್ಪಲಿ ಏಳೆಂಟು ಮೆಟ್ಟಿಲು ಮೇಲೆ ಬಿದ್ದಿತ್ತು. ಬಿಸಿಲಿಗೆ ಕಾದ ಅಷ್ಟೂ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಇಳಿದಿದ್ದೆ. ಪಾದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.

ಬುದ್ಧಿ ಇರುವ ಯಾರಾದರೂ ಅವತ್ತೇ ದವಾಖಾನೆಗೆ ಹೋಗುತ್ತಿದ್ದರು. ನನಗೆ ಇಪ್ಪತ್ತೇಳು ವರ್ಷ, ಸೇಡಂನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಚರ್ಚಾಸ್ಪರ್ಧೆಯಲ್ಲಿ ಗೆದ್ದ ಢಾಲುಗಳು ಶಹಾಬಾದಿನ ನಮ್ಮ ಮನೆಯ ಗೂಡಿನಲ್ಲಿ ಸಾಲಾಗಿ ನಿಂತಿವೆ. ಬುದ್ಧಿ ಇದೆ ಎಂದೇ ನಂಬಿದ್ದೆ. ನಾನು ಮಾಡಿದ್ದೇನು? ಹಿಂದೆ ಪಟ್ಟಿ ಇರುವ ಹೊಸ ಚಪ್ಪಲಿ ಕೊಂಡೆ. ಪಟ್ಟಿ ಇದ್ದರೆ ಚಪ್ಪಲಿ ಜಾರುವುದಿಲ್ಲ. ಜಾರದಿದ್ದರೆ ಕಾಲಿಗೆ ಏನೂ ಆಗಿಲ್ಲ. ಇಂಥ ವಾದವನ್ನು ನನ್ನ ವಿದ್ಯಾರ್ಥಿ ಮಂಡಿಸಿದ್ದರೆ ವೇದಿಕೆಯಿಂದ ಇಳಿಸುತ್ತಿದ್ದೆ.

ಐದು ವಾರ ಹಾಗೇ ನಡೆದೆ. ಕೊನೆಗೆ ಚಿಂಚೋಳಿಯಲ್ಲಿ ಒಂದು ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋದಾಗ ಮುಗಿಯಿತು. ಬಸ್ಸು ಎರಡು ತಾಸು ಕುಟ್ಟಿ ಕುಟ್ಟಿ ತಂದು ಹಾಕಿತು. ವಿಷಯ 'ಮೊಬೈಲ್ ವರವೋ ಶಾಪವೋ'. ಹನ್ನೊಂದನೆಯ ಸ್ಪರ್ಧಿ ಶಾಪ ಎಂದು ಸಾಧಿಸಿ ಮುಗಿಸಿದಾಗ ಅಂಕ ಹಾಕಿ ಏಳಲು ಹೋದೆ. ಸೊಂಟದ ಕೆಳಗೆ ಯಾರೋ ಕಾದ ಸರಳು ಎಳೆದಂತಾಯಿತು, ಕಾಲು ಏಳಲಿಲ್ಲ. ಇಬ್ಬರು ಮೇಡಂಗಳು ನನ್ನನ್ನು ಕುರ್ಚಿ ಸಮೇತ ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕಲಬುರಗಿಗೆ ಸಾಗಿಸಿದರು. ಬೆನ್ನುಮೂಳೆಯ ಕೆಳತುದಿಯಲ್ಲಿ ಎರಡು ಎಲುಬುಗಳ ನಡುವಿನ ಡಿಸ್ಕ್ ಒಡೆದು ನರದ ಮೇಲೆ ಕೂತಿತ್ತು. ಮರುದಿನವೇ ಆಪರೇಷನ್.

ಐದು ವಾರ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ? ನಾಚಿಕೆಗೆ. ನಾನು ಪಾಯಾಳು.

ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಟೊಂಕ ಹಿಡಿದರೆ, ಬೆನ್ನು ಉಳುಕಿದರೆ, ಪಾಯಾಳು ಒದ್ದರೆ ಹೋಗುತ್ತದೆ ಎಂಬುದು ನಂಬಿಕೆ. ರವಿವಾರ ಹೊತ್ತು ಮೂಡುವ ಮುಂಚೆ ಬರಬೇಕು, ದಾರಿಯಲ್ಲಿ ಯಾರ ಜೊತೆಗೂ ಮಾತಾಡಬಾರದು, ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು, ಪಾಯಾಳು ಬಲಗಾಲಿನಿಂದ ಮೂರು ಸಲ ಒದೆಯಬೇಕು. ನನ್ನ ಬಾಲ್ಯದ ರವಿವಾರಗಳೆಲ್ಲ ಬೇರೆಯವರ ಬೆನ್ನಿನ ಮೇಲೆ ಕಳೆದವು. ಹಿಂದಿನ ದಿನವೇ ಅವ್ವ ನನ್ನ ಕಾಲು ತಿಕ್ಕಿ ತೊಳೆಯುತ್ತಿದ್ದಳು. ಒದೆಸಿಕೊಂಡವರು ತೆಂಗಿನಕಾಯಿ ಇಟ್ಟು, ನನ್ನಂಥ ಗಿಡ್ಡ ಹುಡುಗಿಗೆ ಕೈಮುಗಿದು ಹೋಗುತ್ತಿದ್ದರು. ಹದಿಮೂರು ವರ್ಷದ ತನಕ ನನಗೂ ಅದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಹದಿನಾಲ್ಕಕ್ಕೆ ಭಂಕೂರ ಕಡೆಯಿಂದ ಒಬ್ಬ ಹಮಾಲ ಬಂದ. ಪರಸಿ ಕಲ್ಲಿನ ಚಪ್ಪಡಿಗಳನ್ನು ಲಾರಿಗೆ ಏರಿಸುವ ಕೆಲಸದವ. ಮೂರು ರವಿವಾರ ಬಂದ. ಮೂರನೆಯ ಸಲ ನನ್ನ ಒದೆ ಸಾಲದು ಎನಿಸಿತೇನೋ, ಮಲಗಿದಲ್ಲಿಂದಲೇ ಅಂದ, "ಜೋರಿಲೆ ಒದಿ ಯವ್ವಾ, ನಾಚ್ಕೋಬ್ಯಾಡ." ಚೌಕಟ್ಟು ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಒದ್ದೆ. ಅವನ ಗಂಟಲಿನಿಂದ ಬಂದ ಸಪ್ಪಳ ಇವತ್ತೂ ನನ್ನ ಕಿವಿಯಲ್ಲಿದೆ. ವರ್ಷದೊಳಗೆ ಅವನು ಪಾದ ಎಳೆಯುತ್ತ ನಡೆಯುವುದನ್ನು ಸಂತೆಯಲ್ಲಿ ನೋಡಿದೆ. ನನ್ನನ್ನು ಕಂಡು ತಾನೇ ತಪ್ಪೊಪ್ಪಿಕೊಂಡ: ಆ ದಿನ ದಾರಿಯಲ್ಲಿ ಎದುರಾದ ಭಾವಮೈದುನನ ಜೊತೆ ಎರಡು ಮಾತಾಡಿಬಿಟ್ಟಿದ್ದನಂತೆ, ಅದಕ್ಕೇ ಗುಣ ಆಗಲಿಲ್ಲವಂತೆ. ಅವತ್ತಿನಿಂದ ಒದೆಯುವುದನ್ನು ಬಿಟ್ಟೆ. ಕಾಲೇಜಿನ ವೇದಿಕೆಗಳಲ್ಲಿ ಈ ನಂಬಿಕೆಯನ್ನು ಚಿಂದಿ ಮಾಡಿ ಢಾಲು ತಂದೆ. ಅಂಥ ಪಾಯಾಳುವಿನ ಟೊಂಕವೇ ಹಿಡಿಯಿತು ಎಂದರೆ ಓಣಿ ನಗುತ್ತದೆ ಎಂದು ಹೆದರಿದೆ. ನಂಬದವಳು ನಂಬಿಕೆಯ ಮರ್ಯಾದೆ ಕಾಯಲು ಹೋಗಿ ಒಂದು ಪಾದದ ಅರ್ಧ ಸ್ಪರ್ಶ ಕಳೆದುಕೊಂಡೆ.

ಆಪರೇಷನ್ ಆದ ಮೇಲಿನ ಬದುಕು ನಿಯಮಗಳ ಬದುಕು. ಬಗ್ಗಬಾರದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ಹಾಸಿಗೆಯಿಂದ ಏಳುವಾಗ ಮರದ ದಿಮ್ಮಿಯಂತೆ ಇಡೀ ಮೈ ಒಮ್ಮೆಲೇ ಹೊರಳಬೇಕು. ಎಬ್ಬಿಸಲು ಇಬ್ಬರು ಬೇಕು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅಪ್ಪ ವಾಡಿಯ ಸಿಮೆಂಟ್ ಕಾರ್ಖಾನೆಯ ಪಾಳಿಯಲ್ಲಿ. ರಜೆ ಕೇಳಿದರೆ ಗುತ್ತಿಗೆಯ ಕೆಲಸ ಉಳಿಯುವುದಿಲ್ಲ. ಹಾಗಾಗಿ ಇಬ್ಬರ ಕೆಲಸ ಅವ್ವ ಒಬ್ಬಳೇ ಮಾಡಿದಳು. ಕಂಕುಳಿಗೆ ಕೈ ಹಾಕಿ ಎತ್ತುವಾಗ ಏದುಸಿರಿನ ನಡುವೆಯೇ ತಮಾಷೆ. "ಹುಟ್ಟೂ ಮುಂದೂ ನಿನ್ನ ಹಿಂಗೇ ಜಗ್ಗಿ ತಗದಾರ. ಒಂದ್ ಸಲಾನೂ ನೀ ಸೀದಾ ಬಂದಾಕಿ ಅಲ್ಲ." ನಾನು ನಕ್ಕೆ. ನಗಬಾರದಿತ್ತು. ಎತ್ತುವವರ ಬೆನ್ನು ಯಾರು ನೋಡುತ್ತಾರೆ ಎಂದು ಕೇಳಬೇಕಿತ್ತು. ಎಲ್ಲದಕ್ಕೂ ಪ್ರಶ್ನೆ ಇರುವ ನನ್ನ ಬಾಯಿಗೆ ಆ ಪ್ರಶ್ನೆ ಬರಲಿಲ್ಲ.

ನೋಡಲು ಬಂದವರಂತೂ ನನ್ನ ಹೊಲಿಗೆ ಹರಿಯುವಷ್ಟು ಸಿಟ್ಟು ತರಿಸಿದರು. ಗಾದಿ ತೆಗೆದು ಬರೀ ಪರಸಿಯ ಮೇಲೆ ಮಲಗಲು ಒಬ್ಬರು, ಉಸುಕಿನ ಕಾವು ಕೊಡಲು ಇನ್ನೊಬ್ಬರು. ಎಲ್ಲರೂ ಸೇರಿ ಒಪ್ಪಿದ ಒಂದು ಮಾತು: ಬೆನ್ನು ಕೊಯ್ಸಿಕೊಂಡವರು ಮತ್ತೆ ನೆಟ್ಟಗಾಗುವುದಿಲ್ಲ. ಎಷ್ಟು ಮಂದಿಯನ್ನು ನೋಡಿದ್ದೀರಿ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬನನ್ನು. ಯಾರನ್ನು? ಭಂಕೂರಿನ ಹಮಾಲನನ್ನು. ಓಣಿಯ ಅಷ್ಟೂ ಜನರ ಬಳಿ ಇದ್ದ ಸಾಕ್ಷಿ ಅದೊಂದೇ, ಆ ಪಾದ ಎಳೆಯುವವನು.

ಎದುರು ಮನೆಯ ಕಾಕಿ ಅದೇ ಕಥೆ ತೆಗೆದ ದಿನ ನನಗೆ ತಡೆಯಲಾಗಲಿಲ್ಲ.

"ಕಾಕಿ, ಅವಂಗ ಆಪರೇಷನ್ನೇ ಆಗಿಲ್ಲ. ಅಂವ ದವಾಖಾನಿ ಮೆಟ್ಲಾನೂ ಹತ್ತಿಲ್ಲ. ಅವನ್ನ ಒದ್ದಾಕಿ ನಾನು, ಇದೇ ಹೊಸ್ತಿಲದಾಗ."

ಕಾಕಿ ಚಹಾದ ಬಟ್ಟಲು ಕೆಳಗಿಟ್ಟಳು. "ಹಂಗಾದ್ರ ಅಂವ ದಾರ್ಯಾಗ ಯಾರ್ ಕೂಡಾರ ಮಾತಾಡಿರ್ಬೇಕು ನೋಡು."

ಇದರ ಜೊತೆ ಹೇಗೆ ವಾದಿಸುತ್ತೀರಿ? ಗುಣವಾದರೆ ಕಾಲಿನ ಮಹಿಮೆ, ಆಗದಿದ್ದರೆ ರೋಗಿಯ ನಾಲಗೆಯ ತಪ್ಪು. ಯಾವ ಕಡೆಯಿಂದಲೂ ಸೋಲದಂತೆ ಕಟ್ಟಿದ ಮಾತು ನಿಜವಾಗಿರುವುದಿಲ್ಲ, ಸೋಲದಂತೆ ಕಟ್ಟಿದ್ದಾಗಿರುತ್ತದೆ ಅಷ್ಟೆ. ಇದನ್ನು ಕಾಕಿಗೆ ಬಿಡಿಸಿ ಹೇಳಿದೆ. ಅವಳು ಚಹಾ ಮುಗಿಸಿ, ನನಗೆ ಔಷಧದ ಕಾವು ಏರಿದೆ ಎಂದು ಅವ್ವನಿಗೆ ಹೇಳಿ ಹೋದಳು. ಇಷ್ಟೆಲ್ಲ ನಡೆಯುವಾಗ ಅವ್ವ ಗೋಡೆಗೆ ಆತು ನಿಂತಿದ್ದಳು. ಕೂರಲಿಲ್ಲ. ಅದನ್ನೂ ನಾನು ಗಮನಿಸಲಿಲ್ಲ. ವಾದ ಗೆಲ್ಲುವುದರಲ್ಲಿದ್ದೆ.

ಎಂಟನೆಯ ವಾರ, ಒಂದು ಗುರುವಾರ ಮಧ್ಯಾಹ್ನ. ಟೊಂಕಕ್ಕೆ ಪಟ್ಟಾ ಬಿಗಿದು ತಲೆಬಾಗಿಲಿಂದ ಓಣಿಯ ತಿರುವಿನ ತನಕ ನಡೆದು ಬಂದು ನಿಂತಿದ್ದೆ. ಅವ್ವ ನಳದಿಂದ ಕೊಡ ತುಂಬಿಕೊಂಡು ಬರುತ್ತಿದ್ದಳು. ಅವಳ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಹತ್ತು ಮಾರು ಹಿಂದೆ, ಓಣಿಯ ನಡುವೆ ಬಿದ್ದಿತ್ತು. ಅವಳು ತಿರುಗಿ ನೋಡಲೂ ಇಲ್ಲ, ಹೆಜ್ಜೆ ತಪ್ಪಿಸಲೂ ಇಲ್ಲ.

ವಾಡಿಯ ಮೆಟ್ಟಿಲುಗಳು ಮತ್ತೆ ನನ್ನ ಕಾಲಡಿಗೆ ಬಂದಂತಾಯಿತು.

"ಅವ್ವಾ, ಚಪ್ಪಲ್ ಎಲ್ಲಿ?"

ಅವಳು ಮೊದಲು ಪಾದ ನೋಡಿಕೊಂಡಳು. "ನಾನೇ ಬಿಚ್ಚೀನಿ."

"ಕೊಡ ಇಳ್ಸು. ಹಿಮ್ಮಡಿ ಮ್ಯಾಲ ನಿಂದ್ರು ನೋಡೂನು."

ನಿಂತಳು. ಡಾಕ್ಟರು ನನ್ನ ನರ ಪರೀಕ್ಷಿಸಿದ್ದೂ ಹೀಗೇ. ಬಲಪಾದದ ಮುಂಭಾಗ ಮೇಲೆದ್ದಿತು. ಎಡಪಾದ ಕಲ್ಲಿಗೆ ಅಂಟಿಕೊಂಡೇ ಇತ್ತು. ಎಷ್ಟು ದಿನವಾಯಿತೆಂದು ಕೇಳಿದೆ. ನನ್ನ ಹೊಲಿಗೆ ಬಿಚ್ಚಿದ ವಾರದಿಂದ ಎಂದಳು. ಅಂದರೆ ಆರು ವಾರ. ಆರು ವಾರ ಸತ್ತ ಕಾಲಿನಲ್ಲಿ ನಿಂತು ನನ್ನನ್ನು ಎತ್ತಿದ್ದಾಳೆ.

"ಯಾಕ ಹೇಳ್ಲಿಲ್ಲ?"

"ನಿನ್ ಕಾಲಿಗಿ ಜೀವ ಬರ್ಲಿ ಅಂತ ಕಾಯ್ಲಿಕತ್ತಿದ್ದೆ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನನಗೆ ಗುಣವಾಗಲಿ, ಆಮೇಲೆ ತನ್ನ ಚಿಂತೆ ಎಂಬ ತಾಯಿಯ ಮಾತಲ್ಲ ಅದು. ನನ್ನ ಬಲಗಾಲು ಒದೆಯುವಷ್ಟು ಗಟ್ಟಿಯಾಗಲಿ ಎಂದು ಕಾದಿದ್ದಳು. ಹದಿಮೂರು ವರ್ಷ ನಾನು ವಾದಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಒಂದಕ್ಷರವನ್ನೂ ನಂಬದೆ, ಔಷಧಕ್ಕಾಗಿ ಸರದಿಯಲ್ಲಿ ನಿಂತಂತೆ ನನ್ನ ಪಾದಕ್ಕಾಗಿ ನಿಂತಿದ್ದಳು.

ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ತಾಯಿಗೆ ಆಡುವ ಮಾತುಗಳಲ್ಲ. ನರ ಒತ್ತಿದೆ, ಒಂದೊಂದು ದಿನಕ್ಕೂ ಸಾಯುತ್ತದೆ, ಈಗಲೇ ಕಲಬುರಗಿಗೆ ನಡೆ ಎಂದೆ. ಬರುತ್ತೇನೆ, ಆದರೆ ಮೊದಲು ನೀನು ಒದಿ, ರವಿವಾರ ಬೆಳಗಿನ ಜಾವ, ಆಮೇಲೆ ಎಲ್ಲಿಗಾದರೂ ನಡೆ ಎಂದಳು. ಮೂರು ದಿನ ದಂಡ. ಹಮಾಲನ ಕಥೆ ಅವಳಿಗೆ ಗೊತ್ತು, ಆ ದಿನ ಅವನಿಗೆ ನೀರು ಕುಡಿಸಿ ಕಳಿಸಿದವಳೇ ಅವಳು. ಅದನ್ನೂ ಎದುರಿಗೆ ಹಿಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಣ್ಣಗೆ ಕೇಳಿದಳು:

"ನೀ ಹೇಳೂದೆಲ್ಲಾ ಖರೆ ಅಂತ ಇಟ್ಕೋ. ನಿನ್ ಕಾಲಾಗ ಏನೂ ಇಲ್ಲ. ಏನೂ ಇಲ್ಲದ ಕಾಲು ನನ್ ಟೊಂಕಕ್ಕ ಮುಟ್ಟಿಸ್ಲಿಕ್ಕಿ ನಿನಗೇನ್ ತ್ರಾಸ?"

ಯಾವ ವೇದಿಕೆಯಲ್ಲೂ ನನ್ನನ್ನು ಯಾರೂ ಹೀಗೆ ಕಟ್ಟಿಹಾಕಿರಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಮುಟ್ಟಿಸಿದರೆ, ನಾಳೆ ಡಾಕ್ಟರು ಗುಣಪಡಿಸಿದ್ದೂ ನನ್ನ ಪಾದದ ಹೆಸರಿಗೆ ಹೋಗುತ್ತದೆ. ಕಾಕಿ ಓಣಿಗೆಲ್ಲ ಸಾರುತ್ತಾಳೆ. ಇನ್ನೊಬ್ಬ ಹಮಾಲ ಬಂದು ಮಲಗುತ್ತಾನೆ. ಗಟ್ಟಿ ಉತ್ತರ. ಆದರೆ ಅದನ್ನು ಹೇಳಿ ಗೆಲ್ಲುವ ಹೊತ್ತಿಗೆ ಅವ್ವನ ಕಾಲು ಹೋಗಿರುತ್ತಿತ್ತು.

"ಒದಿಯಂಗಿಲ್ಲ. ಮುಟ್ಟಿಸ್ತೀನಿ. ರವಿವಾರಲ್ಲ, ಇವತ್ತ. ಬಾಡಿಗಿ ಕಾರು ಬಾಗಲದಾಗ ಬಂದ್ ನಿಂತ್ ಮ್ಯಾಲೆ."

ಅವ್ವ ಲೆಕ್ಕ ಹಾಕಿದಳು. ರವಿವಾರ ಬಿಟ್ಟುಕೊಟ್ಟಳು, ಹೊಸ್ತಿಲನ್ನು ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಕಾರು ಬಂತು. ಸುಡುವ ಬಿಸಿಲಲ್ಲಿ, ಇಡೀ ಓಣಿ ನೋಡುತ್ತಿರುವಾಗ, ಹೊಸ್ತಿಲಿನ ಎರಡೂ ಬದಿಗೆ ಗಾದಿ ಮಡಿಚಿ ಹಾಕಿಸಿ ಅವಳನ್ನು ಮಲಗಿಸಿದೆ. ಎರಡೂ ಕೈಯಿಂದ ಚೌಕಟ್ಟು ಹಿಡಿದು ಬಲಪಾದವನ್ನು ಅವಳ ಟೊಂಕದ ಮೇಲೆ ಮೂರು ಸಲ ಇಟ್ಟೆ. ಅಂಗಾಲಿಗೆ ಅವಳ ಬೆನ್ನು ತಾಗಿದ್ದೇ ಗೊತ್ತಾಗಲಿಲ್ಲ. ಇಟ್ಟಿದ್ದೇನೆಂದು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಆಮೇಲೆ ದಿಮ್ಮಿ ಹೊರಳಿಸುವಂತೆ ಹೊರಳಿಸುವುದು ಹೇಗೆಂದು ಕಾಕಿಗೂ ಡ್ರೈವರನಿಗೂ ಹೇಳಿಕೊಟ್ಟೆ. ಇಬ್ಬರೂ ಸೇರಿ ಎಬ್ಬಿಸಿದರು. ಇಬ್ಬರು ಬೇಕೆಂದು ಡಾಕ್ಟರು ಹೇಳಿದ್ದು ಇದನ್ನೇ.

ದವಾಖಾನೆಯಲ್ಲಿ ಎಷ್ಟು ದಿನದಿಂದ ಎಂದು ಕೇಳಿದರು. ಅವ್ವ ಎಂಟು ದಿನ ಎಂದಳು. ಆರು ವಾರ ಎಂದೆ. ಡಾಕ್ಟರು ನನ್ನ ಪಟ್ಟಾ ನೋಡಿದರು, ಅವ್ವನ ಕಾಲು ನೋಡಿದರು, ಇವಳನ್ನು ಎತ್ತುತ್ತಿದ್ದವರು ಯಾರು ಎಂದು ಕೇಳಿದರು. ಅವ್ವ ಸೀರೆಯ ಅಂಚು ಎಳೆದು ಎಡಪಾದ ಮುಚ್ಚಿಕೊಂಡಳು. ಆಪರೇಷನ್ ಮಾಡುತ್ತೇನೆ, ಪೂರ್ತಿ ಬರುತ್ತದೆಂದು ಮಾತ್ರ ಹೇಳಲಾರೆ ಎಂದರು.

ಪೂರ್ತಿ ಬರಲಿಲ್ಲ. ಮೂರನೆಯ ದಿನ ಹೆಬ್ಬೆರಳು ಅಲುಗಿತು, ತಿಂಗಳಿಗೆ ಪಾದ ಅರ್ಧ ಎದ್ದಿತು, ಅಲ್ಲಿಗೇ ನಿಂತಿತು. ಈಗ ಬೆಳಿಗ್ಗೆ ಇಬ್ಬರೂ ಪಟ್ಟಾ ಬಿಗಿದುಕೊಂಡು ಓಣಿಯಲ್ಲಿ ನಡೆಯುತ್ತೇವೆ. ನಾನು ಕೊಂಡಿದ್ದ, ಹಿಂದೆ ಪಟ್ಟಿ ಇರುವ ಚಪ್ಪಲಿ ಈಗ ಅವಳ ಕಾಲಲ್ಲಿದೆ. ಅವಳ ಎಡಗಾಲು ಪರಸಿಯ ಮೇಲೆ ಪಟ್ ಎಂದು ಬೀಳುತ್ತದೆ. ಆ ಸಪ್ಪಳಕ್ಕೆ ನಾನು ಒಗ್ಗಿಕೊಂಡಿಲ್ಲ. ಪ್ರತಿ ಪಟ್‌ಗೂ ನನ್ನ ಮೇಲೆ, ಅವಳ ಮೇಲೆ, ಅಪ್ಪನಿಗೆ ಒಂದು ವಾರ ರಜೆ ಕೊಡದವರ ಮೇಲೆ ಸಿಟ್ಟು ಬರುತ್ತದೆ.

ಬಂದ ಅರ್ಧವನ್ನು ಓಣಿ ನನ್ನ ಪಾದಕ್ಕೆ ಕೊಟ್ಟಿತು, ಬರದ ಅರ್ಧವನ್ನು ಡಾಕ್ಟರಿಗೆ. ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಹೋದ ರವಿವಾರ ಬೆಳಿಗ್ಗೆ ಪರಸಿ ಪಾಲಿಶ್ ಮಷೀನಿನ ಕೆಲಸದವನೊಬ್ಬ ತೆಂಗಿನಕಾಯಿ ಹಿಡಿದು ಬಾಯಿ ಬಿಗಿಹಿಡಿದುಕೊಂಡು ಬಂದು ನಿಂತ. ನಾನು ಕೂಗಾಡಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಳಗಿಂದ ಪಟ್ ಪಟ್ ಎನ್ನುತ್ತ ಬಂದಳು.

"ಕಾಯಿ ಅಲ್ಲಿಡು. ಮೊದ್ಲ ಹಿಮ್ಮಡಿ ಮ್ಯಾಲ ನಡದ್ ತೋರ್ಸು."

ಅವನು ಪೆಚ್ಚಾಗಿ ನಡೆದು ತೋರಿಸಿದ. ಅವ್ವ ಬಗ್ಗದೆ, ನೆಟ್ಟಗೆ ನಿಂತು, ಎರಡೂ ಪಾದ ಎಷ್ಟು ಏಳುತ್ತವೆಂದು ನೋಡಿದಳು.

"ಎಡದ್ದು ಏಳವಲ್ದು. ನೀ ಇವತ್ತೇ ದವಾಖಾನಿಗಿ ಹೋಗು. ಕಾಲ್ ಎದ್ದಿತ್ತಂದ್ರ ನನ್ ಮಗಳು ಮುಟ್ಟಿಸ್ತಿದ್ಳು."

ಅವನು ಕಾಯಿ ಎತ್ತಿಕೊಂಡು ಸ್ಟೇಷನ್ ಕಡೆ ಹೋದ, ಕಲಬುರಗಿಯ ಗಾಡಿಗೆ. ಅವ್ವ ಹೇಳಿದ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇರಲಿಲ್ಲ. ಅದನ್ನು ಅವಳಿಗೆ ಅಲ್ಲೇ ಹೇಳಿದೆ, ಮಧ್ಯಾಹ್ನದ ಊಟದ ತನಕ ಹೇಳುತ್ತಲೇ ಇದ್ದೆ.