ಬಾಗಿನದ ಮೊರದಲ್ಲಿ ಘೇಂಡಾಮೃಗ

ಪೊಟ್ಟಣದೊಳಗಿನ ಆಟಿಕೆ ಆ ಪೊಟ್ಟಣವನ್ನು ತಿಂದು ಮುಗಿಸಿದವರಿಗೇ ಸೇರಬೇಕು. ಬೂಕನಕೆರೆಯ ಒಂದು ಮನೆಯಲ್ಲಿ ಯಜಮಾನರು ಮಾಡಿದ್ದ ಈ ನಿಯಮವನ್ನು, ಅವರು ತೀರಿಕೊಂಡ ಮೇಲೆ ಮನೆಯವರೆಲ್ಲ ಸೇರಿ ಮುರಿಯಲು ಹೊರಟರು.

ಹಳೆಯ ಕಾರ್ನ್‌ಫ್ಲೇಕ್ಸ್ ಪೊಟ್ಟಣಗಳಲ್ಲಿ ಬರುತ್ತಿದ್ದ ಪ್ಲಾಸ್ಟಿಕ್ ಪ್ರಾಣಿಗಳನ್ನು ನಾನು ಸಂಗ್ರಹಿಸುತ್ತೇನೆ. ಪೂರ್ತಿ ಸೆಟ್ಟು ಮಾರುತ್ತೇನೆಂದು ಗೌರಿ ಹಬ್ಬದ ಮರುದಿನ ನನ್ನನ್ನು ಕರೆಸಿಕೊಂಡ ಆ ಮನೆಯ ಮಗ ಸಿದ್ದೇಗೌಡರು, ಪ್ರಾಣಿಗಳನ್ನೆಲ್ಲ ನಡುಮನೆಯಲ್ಲಿ ಹರಡಿ, ಅಪ್ಪನ ನಿಯಮವನ್ನು ತಮಾಷೆಯಾಗಿ ಹೇಳಿದರು. "ನಂಗೆ ಅದು ಗಂಟ್ಲಲ್ಲೇ ಇಳೀತಿರ್ನಿಲ್ಲ ಸಾ. ತಿಂದೋಳು ನಮ್ ತಂಗಿ ಜಯ."

"ಹಾಗಾದರೆ ಇವು ಅವರದು. ಅವರನ್ನು ಕೇಳದೆ ನಾನು ಮುಟ್ಟುವುದಿಲ್ಲ," ಎಂದೆ.

"ಮದ್ವೆ ಮಾಡ್ಕೊಟ್ ಮ್ಯಾಲೆ ಇಲ್ಲಿ ಅವ್ಳ್ದೇನೈತೆ, ಬುಡಿ ಸಾ!" ಅವರ ತಾಯಿ, ಹೆಂಡತಿ ಇಬ್ಬರೂ ಹೌದೆಂದು ತಲೆಯಾಡಿಸಿದರು.

ಹಬ್ಬಕ್ಕೆ ದೇವಲಾಪುರದಿಂದ ತವರಿಗೆ ಬಂದಿದ್ದ ಜಯಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡು ನಡುಮನೆಗೆ ಬಂದರು. "ಹೊಲದಾಗೆ ಪಾಲು ಬ್ಯಾಡ ಅಂತ ಸೈನು ಆಕು ಅಂದ್ರಿ, ಆಕ್ಕೊಟ್ಟೆ. ಇದನ್ನ ಕೊಡಾಕಿಲ್ಲ ಕಣಣ್ಣ. ನೀನು ಮೂತಿ ತಿರುಗಿಸ್ಕೊಂಡು ಎದ್ದೋಯ್ತಿದ್ದೆ. ಹಾಲಲ್ಲಿ ನೆಂದು ಮೆತ್ತಗಾದ್ದನ್ನೆಲ್ಲ ತಿಂದೋಳು ನಾನು."

"ಆಟ ಆಡೋ ವಯಸ್ಸೇನವ್ವಾ ನಿಂದು?" ಅಣ್ಣ ಅಣಕಿಸಿದರು.

"ಈ ಸಾಹೇಬ್ರದಾ ಮತ್ತೆ?"

"ಅವರು ಕೊಡುವುದಿಲ್ಲ ಅಂದಮೇಲೆ ಮುಗಿಯಿತು," ಎಂದು ಸಿದ್ದೇಗೌಡರಿಗೆ ಹೇಳಿ ಎದ್ದೆ. ಜಯಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣ ಹಿಂದಿನ ದಿನ ಕೊಟ್ಟಿದ್ದ ಬಾಗಿನವನ್ನು ತಂದು ಮೇಲಿನ ಮೊರ ಎತ್ತಿದರು. ಬಳೆ, ಬೇಳೆ, ಬೆಲ್ಲದ ನಡುವೆ ಘೇಂಡಾಮೃಗ, ಜಿರಾಫೆ, ಮೊಸಳೆಗಳನ್ನೆಲ್ಲ ಒಂದೊಂದಾಗಿ ಇಟ್ಟು, ಮೊರ ಮುಚ್ಚಿ, ಸೊಂಟಕ್ಕೇರಿಸಿಕೊಂಡು ಬಸ್ಸಿಗೆ ಹೊರಟರು.