ಒಲೆ ನೋಡದೆ ಬಂದ ಸಬ್ಸಿಡಿ

ಬೇಗಾರಿನಲ್ಲಿ ಬೆಳಿಗ್ಗೆ ಥಪ್ ಥಪ್ ಎಂದು ಕೇಳಿದರೆ ಅದು ಲಿಂಗಮ್ಮ ಅಂಗಳದಲ್ಲಿ ಮಣ್ಣು ಹದ ಮಾಡುವ ಸದ್ದು. ಸೌದೆ ಕಡಿಮೆ ಬೇಡುವ, ಕೊಳವೆಯಲ್ಲಿ ಹೊಗೆ ಆಚೆ ಹೋಗುವ ಅಸ್ತ್ರ ಒಲೆಗಳನ್ನು ಅವರು ಹದಿನೈದು ವರ್ಷದಿಂದ ಕಟ್ಟುತ್ತಿದ್ದರು.

೨೦೦೮ರ ಫೆಬ್ರವರಿಯಲ್ಲಿ, ಬಟ್ಟೆ ಹೊಲಿಯುವ ಭಾರ್ಗವಿ ಒಂದು ಕಾಗದ ಹಿಡಿದು ಅವರ ಅಡುಗೆಮನೆಗೆ ಬಂದಳು. ಶೃಂಗೇರಿಯ ಸೈಬರ್ ಅಂಗಡಿಯಲ್ಲಿ ತೆಗೆಸಿದ ಇ-ಮೇಲ್ ಪ್ರಿಂಟ್. ನಿಮ್ಮ ಹೊಸ ಒಲೆಗೆ ಸರ್ಕಾರದ ಸಬ್ಸಿಡಿ ಮಂಜೂರಾಗಿದೆ, ಬ್ಯಾಂಕ್ ಖಾತೆ ಮತ್ತು ಎಟಿಎಂ ಪಿನ್ ನಂಬರ್ ಇಂದೇ ಕಳಿಸಿ ಎಂದಿತ್ತು. ಅಮ್ಮನ ಕಣ್ಣಿನ ಆಪರೇಷನ್‌ಗೆ ಅವಳು ಕೂಡಿಟ್ಟದ್ದೆಲ್ಲ ಆ ಖಾತೆಯಲ್ಲೇ ಇತ್ತು.

“ಒಲೆ ನೋಡಕ್ಕೆ ಯಾರು ಬರ್ತಾರಂತೆ?” ಲಿಂಗಮ್ಮ ಕೇಳಿದರು.

“ಯಾರೂ ಬರಲ್ಲ ಲಿಂಗಕ್ಕ. ಎಲ್ಲಾ ಕಂಪ್ಯೂಟರಲ್ಲೇ.”

“ಹಂಗಾದ್ರೆ ಅದು ಸರ್ಕಾರದ್ದಲ್ಲ ಮಾರಾಯ್ತಿ. ನಾನು ಕಟ್ಟಿದ ಒಂದೊಂದು ಒಲೆಗೂ ಆಫೀಸಿನವ್ರು ಬಂದು, ಬಗ್ಗಿ ನೋಡಿ, ಗೋಡೆ ಮೇಲೆ ನಂಬರ್ ಬರೆದು, ಕಾಫಿ ಕುಡಿದೇ ಹೋಗಿದಾರೆ. ಆಮೇಲೇ ಸಬ್ಸಿಡಿ. ನಿಂದಿನ್ನೂ ಕಟ್ಟೇ ಇಲ್ಲ, ಮಂಜೂರು ಹೆಂಗಾಯ್ತು?”

ಭಾರ್ಗವಿ ಗೋಡೆಯ ಮೇಲೆ ಮಾಸಿದ್ದ ನಂಬರನ್ನು ನೋಡಿದಳು.

“ಪಿನ್ನು ಕಳಿಸಿದ್ಯಾ?”

“ಇಲ್ಲ. ಸಂಜೆ ಹೋಗಿ ಕಳಿಸೋಣ ಅಂತಿದ್ದೆ.”

ಲಿಂಗಮ್ಮ ಕಾಗದ ಇಸಿದುಕೊಂಡು ಒಲೆಗೆ ಹಾಕಿದರು. ಅಂಗಳದ ಮಣ್ಣು ಒಣಗುತ್ತಿತ್ತು.

“ಮೊದಲು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು. ಒಲೆ ನಾನು ಕಟ್ಟಿಕೊಡ್ತೀನಿ. ನೀನು ಆಫೀಸಿನವ್ರಿಗೆ ಒಳ್ಳೆ ಕಾಫಿಪುಡಿ ತಂದಿಡು, ಅವ್ರು ಬಂದು ನೋಡಿದ್ಮೇಲೇ ಸಬ್ಸಿಡಿ” ಎನ್ನುತ್ತಲೇ ಅವರು ಅಂಗಳದ ಮಣ್ಣಿನ ಕಡೆ ನಡೆದರು.